ಟೊಲೆಡೊಗೆ ಕ್ಲಾಸಿನವರ ಜೊತೆ ಹೋಗುತ್ತಿದ್ದೇನೆ, ರಾತ್ರಿ ಉಳಿಯಬೇಕಾ ಬೇಡವಾ?

ಕೊಪ್ಪಳದ_ಹುಡುಗಿ
ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್ ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದೇನೆ. ಬರುವ ಶನಿವಾರ ಕ್ಲಾಸಿನವರೆಲ್ಲ ಸೇರಿ ಟೊಲೆಡೊಗೆ ಹೊರಟಿದ್ದೇವೆ. ಅರ್ಧ ಜನ ಅದೇ ದಿನ ಎಲ್ಲಾ ಮುಗಿಸಿ ವಾಪಸ್ ಬರೋಣ ಅನ್ನುತ್ತಾರೆ, ಇನ್ನರ್ಧ ಜನ ಒಂದು ರಾತ್ರಿ ಉಳಿಯೋಣ ಅನ್ನುತ್ತಾರೆ. ನನಗಂತೂ ಉಳಿಯುವ ಆಸೆ. ಆನೆಗೊಂದಿ, ಹಂಪಿ ಸುತ್ತಾಡಿ ಬೆಳೆದವಳು ನಾನು, ಹಳೇ ಊರನ್ನು ಓಡೋಡಿ ನೋಡೋದು ನನಗೆ ಆಗಲ್ಲ. ಹೋಗಿ ಬಂದವರು ಇದ್ದರೆ ಹೇಳಿ, ಯಾವುದನ್ನು ಬಿಡಬಾರದು? ಮತ್ತೆ ನಾನು ಮೊಟ್ಟೆನೂ ತಿನ್ನಲ್ಲ, ಊಟಕ್ಕೆ ಏನು ಮಾಡಲಿ?

ಬಳ್ಳಾರಿ_ಗುಡ್ಡ
ತಂಗಿ, ಖಂಡಿತ ಉಳಿಯಿರಿ. ಮ್ಯಾಡ್ರಿಡ್‌ನ ಅತೋಚಾ ಸ್ಟೇಷನ್‌ನಿಂದ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಟೊಲೆಡೊ. ಇಷ್ಟು ಹತ್ತಿರ ಇರೋದರಿಂದಲೇ ಎಲ್ಲರೂ ಬೆಳಿಗ್ಗೆ ಬಂದು ಸಂಜೆ ಹೊರಟುಬಿಡುತ್ತಾರೆ. ಆಮೇಲೆ ಆ ಸಣ್ಣ ಓಣಿಗಳು ಊರಿನವರಿಗೆ ಬಿಟ್ಟದ್ದು, ನಿಮಗೂ. ಊರು ಬಂಡೆ ಗುಡ್ಡದ ಮೇಲಿದೆ, ತಾಹೊ ನದಿ ಮೂರು ಕಡೆ ಸುತ್ತಿಕೊಂಡು ಹರಿಯುತ್ತೆ. ಹೊತ್ತು ಮುಳುಗುವ ಮುಂಚೆ ನದಿ ದಾಟಿ ಆಚೆ ದಂಡೆಯ ಮಿರಾದೋರ್ ದೆಲ್ ವಾಯೆಗೆ ಹೋಗಿ, ಇಡೀ ಊರು ಒಂದೇ ನೋಟಕ್ಕೆ ಸಿಗುತ್ತೆ. ಹಂಪಿ ಮತ್ತು ಟೊಲೆಡೊ ಎರಡೂ 1986ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದವು, ಇದನ್ನು ಗೆಳೆಯರಿಗೆ ಹೇಳಿ. ದಾರಿ ಎಲ್ಲಾ ಕಲ್ಲು ಹಾಸಿದ ಏರು, ಒಳ್ಳೇ ಶೂ ಬೇಕು. ಕೆಳಗಿಂದ ಹತ್ತೋಕೆ ಎಸ್ಕಲೇಟರ್ ಇದೆ.

ರಾಯಚೂರು_ಮೇಷ್ಟ್ರು
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು, ಕಟ್ಟಡ ಕಡಿಮೆ ನೋಡಿ, ನಿಧಾನವಾಗಿ ನೋಡಿ. ಕ್ರಿಸ್ತೊ ದೆ ಲಾ ಲುಸ್ ಅಂತ ಒಂದು ಪುಟ್ಟ ಮಸೀದಿ ಇದೆ, 999ರದ್ದು. ಅದರ ಮುಖದ ಮೇಲೆ ಇಟ್ಟಿಗೆಯಲ್ಲೇ ಅರಬ್ಬಿ ಶಾಸನ ಕಟ್ಟಿದ್ದಾರೆ. ನಮ್ಮ ರಾಯಚೂರು ಕೋಟೆ ಗೋಡೆಯ 1294ರ ಉದ್ದನೆಯ ಶಾಸನದ ಕಲ್ಲನ್ನು ಮಕ್ಕಳಿಗೆ ತೋರಿಸುವಾಗೆಲ್ಲ ನನಗೆ ಅದು ನೆನಪಾಗುತ್ತೆ. ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಸಾಂತಾ ಮರಿಯಾ ಲಾ ಬ್ಲಾಂಕಾದಲ್ಲಿ ಬಿಳೀ ಕಮಾನುಗಳ ಸಾಲು ನೋಡಿ. ಮುಂದೆ ಅದು ಚರ್ಚ್ ಆಯಿತು, 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದರು. 12ನೇ ಶತಮಾನದಲ್ಲಿ ಇದೇ ಊರಲ್ಲಿ ಕೂತು ಅರಬ್ಬಿಯ ಗಣಿತ, ಖಗೋಳ, ವೈದ್ಯದ ಪುಸ್ತಕಗಳನ್ನು ಲ್ಯಾಟಿನ್‌ಗೆ ತಂದರು. ಟಾಲೆಮಿಯ ಖಗೋಳ ಗ್ರಂಥ ಅಲ್ಮಜೆಸ್ಟ್ ಅನ್ನು ಕ್ರೆಮೋನಾದ ಜೆರಾರ್ಡ್ ಇಲ್ಲೇ ಅನುವಾದಿಸಿದ. ಅದಕ್ಕೇ ನನಗೆ ಈ ಊರಿನ ಮೇಲೆ ಇಷ್ಟು ಅಭಿಮಾನ.

ಅಲ್ಕಾಂತರಾ ಸೇತುವೆ ಮೇಲೆ ನಿಂತಾಗ ಹುವಾನೆಲೊ ತುರ್ರಿಯಾನೊನನ್ನು ನೆನೆಸಿಕೊಳ್ಳಿ. 1560ರ ದಶಕದಲ್ಲಿ ಅವನು ಕಟ್ಟಿದ ಯಂತ್ರ ನದಿಯ ನೀರನ್ನು ಹತ್ತಿರ ಹತ್ತಿರ 100 ಮೀಟರ್ ಮೇಲಿನ ಅಲ್ಕಾಸರ್ ಕೋಟೆಗೆ ಎತ್ತುತ್ತಿತ್ತು. ನೀರೆಲ್ಲಾ ಕೋಟೆಯೊಳಗಿನ ಅರಮನೆಯವರಿಗೇ ಹೋಯಿತು ಅಂತ ಊರಿನವರು ದುಡ್ಡು ಕೊಡಲಿಲ್ಲ, ಪಾಪ, ಸಾಲದಲ್ಲೇ ಸತ್ತ. ಯಂತ್ರ ಈಗಿಲ್ಲ. ಕಾಲುವೆ ನೀರಿಗೆ ಕಾಯುವ ನಮ್ಮ ಕಡೆಯವರಿಗೆ ಈ ಕಥೆ ಸುಮ್ನೆ ಕಥೆ ಅಲ್ಲ.

ಸಿಂಧನೂರು_ಅಕ್ಕ
ಊಟದ ವಿಷಯ ನಾನು ಹೇಳುತ್ತೇನೆ. ಪಿಸ್ತೊ ಅಂತ ಕೇಳಿ, ಟೊಮೆಟೊ, ದೊಣ್ಣೆಮೆಣಸು, ಈರುಳ್ಳಿ ಬೇಯಿಸಿದ ಪಲ್ಯ. ಮೇಲೆ ಮೊಟ್ಟೆ ಹಾಕೋದು ರೂಢಿ, ಅದಕ್ಕೆ 'ಸಿನ್ ವೆವೊ' ಅಂತ ಮೊದಲೇ ಹೇಳಿ. ತೊರ್ತಿಯಾ ಅಂದರೆ ಆಲೂಗಡ್ಡೆ ಆಮ್ಲೆಟ್, ಬೇಡ. ಮಸಪಾನ್ ಬಾದಾಮಿ ಸಕ್ಕರೆಯದ್ದು, ಆದರೆ ಕೆಲವರು ಮೊಟ್ಟೆ ಸವರುತ್ತಾರೆ, ಕೇಳಿ ತಗೊಳ್ಳಿ. ರಾತ್ರಿ ಊಟ 9ರ ಮೇಲೆಯೇ, ಹಸಿವಾದರೆ ಅಂತ ಬ್ಯಾಗಲ್ಲಿ ಏನಾದರೂ ಇರಲಿ.

ಕೊಪ್ಪಳದ_ಹುಡುಗಿ
ತುಂಬಾ ಥ್ಯಾಂಕ್ಸ್ ಸರ್, ಅಕ್ಕ. ಇದನ್ನೆಲ್ಲಾ ಗುಂಪಿನವರಿಗೆ ಹೇಳಿದೆ, ಎಲ್ಲರೂ ಉಳಿಯೋಕೆ ಒಪ್ಪಿದರು! ಕ್ಯಾಥೆಡ್ರಲ್ ಯಾವ ದಿನಕ್ಕೆ ಇಟ್ಟುಕೊಳ್ಳಲಿ?

ರಾಯಚೂರು_ಮೇಷ್ಟ್ರು
ಶನಿವಾರವೇ ನೋಡಿಬಿಡಿ, ಭಾನುವಾರ ಪ್ರವಾಸಿಗಳನ್ನು ಮಧ್ಯಾಹ್ನದ ಮೇಲೆ ಮಾತ್ರ ಒಳಗೆ ಬಿಡುತ್ತಾರೆ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೇ ಸಾಂತೊ ತೊಮೆ ಚರ್ಚ್‌ಗೆ ಹೋಗಿ. ಎಲ್ ಗ್ರೆಕೊ ಬರೆದ ಓರ್ಗಾಸ್ ಕೌಂಟ್‌ನ ಅಂತ್ಯಕ್ರಿಯೆಯ ಚಿತ್ರ ಅಲ್ಲಿದೆ. ತಡವಾದರೆ ಗುಂಪಿನ ತಲೆಗಳೇ ಕಾಣುತ್ತವೆ.