ಓದುಗರ ಸ್ಪಂದನ: ಮೂರು ವರ್ಷದ ಮಗಳಿಗೆ 42 ಸಾವಿರ ಫೀ ಕಟ್ಟಬೇಕಾ?

ಬಾಗಲಕೋಟೆ ನವನಗರದ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಬರೆದಿದ್ದರು. ಮಗಳಿಗೆ ಮೇ ತಿಂಗಳಲ್ಲಿ ಮೂರು ತುಂಬುತ್ತದೆ. ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಪ್ಲೇ ಸ್ಕೂಲ್ ವರ್ಷಕ್ಕೆ 42 ಸಾವಿರ ಕೇಳುತ್ತದೆ. ವ್ಯಾನ್‌ಗೆ ತಿಂಗಳಿಗೆ 900 ಬೇರೆ. ಎರಡು ಓಣಿ ಆಚೆ ಒಬ್ಬ ಅಕ್ಕಾವ್ರು ಮನೆಯಲ್ಲೇ ಬಾಲವಾಡಿ ನಡೆಸುತ್ತಾರೆ, ಅಲ್ಲಿ ವರ್ಷಕ್ಕೆ 9 ಸಾವಿರ. ಅಂಗನವಾಡಿಯೂ ಹತ್ತಿರದಲ್ಲಿದೆ. ಗಂಡನ ಪಗಾರ 32 ಸಾವಿರ. ಬುನಾದಿ ಗಟ್ಟಿ ಇರಬೇಕು ಅಂತ ಅವರು, ಅಂಗನವಾಡಿ ಸಾಕು ಅಂತ ಅತ್ತೆ. 'ದುಡ್ಡು ಉಳಿಸಲು ಹೋಗಿ ಮಗಳಿಗೆ ಅನ್ಯಾಯ ಮಾಡುತ್ತಿದ್ದೇನಾ?' ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

*

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ತಾಯಂದಿರನ್ನು 27 ವರ್ಷ ನೋಡಿದ್ದೇನೆ. ಏಪ್ರಿಲ್ ಬಿಸಿಲಲ್ಲಿ ಸೆರಗಿನಿಂದ ಕೂಸಿನ ಬೆವರು ಒರೆಸುತ್ತಾ ಆಫೀಸಿನ ಮುಂದೆ ನಿಂತಿರುತ್ತಾರೆ. ಫೀ ಎಷ್ಟು ಅಂತ ಕೇಳಲಿಕ್ಕೂ ಅಂಜುತ್ತಾರೆ. ನಾನು ಎಲ್‌ಕೆಜಿ ಟೀಚರ್ ಆಗಿದ್ದೆ. ದೊಡ್ಡ ಶಾಲೆಯಲ್ಲೂ ಕಲಿಸಿದ್ದೇನೆ, ಪತ್ರಾಸಿನ ಮನೆಯ ಬಾಲವಾಡಿಯಲ್ಲೂ ಕಲಿಸಿದ್ದೇನೆ.

ಮೂರು ವರ್ಷದ ಕೂಸಿಗೆ ಶಾಲೆ ಅಂದ್ರೆ ಅಕ್ಕಾವ್ರೇ. ಅವರ ಕೈಬೆರಳು ಸಿಕ್ಕರೆ ಸಾಕು, ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆ ಅಂತ ಅದು ನೋಡುವುದೂ ಇಲ್ಲ. ಅದಕ್ಕೇ ಮೂರೂ ಕಡೆ ಮೊದಲು ಕೇಳಬೇಕಾದ ಮಾತು, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು? ಕೇಂದ್ರ ಸರ್ಕಾರ 2013ರಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ಒಂದು ನೀತಿ ತಂದಿತು. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಅದರಲ್ಲಿದೆ. 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ ಬೇಕು, ಅಂದ್ರೆ ಸುಮಾರು 375 ಚದರ ಅಡಿ. ಹೊರಗೆ ಆಡಲು 30 ಚದರ ಮೀಟರ್ ಜಾಗವೂ ಬೇಕು. ನವನಗರದಲ್ಲಿ ಮನೆ ಮುಂದೆ ಅಷ್ಟು ಅಂಗಳ ಇರುವುದು ಅಪರೂಪವೇನಲ್ಲ. ಆ 9 ಸಾವಿರದ ಬಾಲವಾಡಿಯಲ್ಲಿ ಇದೆಯಾ, ನೋಡಿ ಬನ್ನಿ.

ಶಾಲೆಯವರು ಬನ್ನಿ ಅಂದ ದಿನ ಹೋಗಬೇಡಿ. ಅವತ್ತು ಬಲೂನು ಕಟ್ಟಿರುತ್ತಾರೆ. ಸುಮ್ನೆ ಒಂದು ಬುಧವಾರ ಬೆಳಗ್ಗೆ ಹತ್ತೂವರೆಗೆ ಹೋಗಿ ಬಾಗಿಲ ಬಳಿ ನಿಲ್ಲಿ. ಯಾವುದೋ ಒಂದು ಕೂಸು ಅಳುತ್ತಲೇ ಇರುತ್ತದೆ. ಯಾರು ಎತ್ತಿಕೊಳ್ಳುತ್ತಾರೆ, ಏನು ಹೇಳುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ ನೋಡಿ. ಈ ಹತ್ತು ನಿಮಿಷದಲ್ಲಿ ತಿಳಿಯುವಷ್ಟು ಯಾವ ಪುಸ್ತಿಕೆಯಿಂದಲೂ ತಿಳಿಯುವುದಿಲ್ಲ.

ನನ್ನ ಬಾಲವಾಡಿಗೆ ಒಬ್ಬ ಹುಡುಗ ಬಂದಿದ್ದ. ಮೂರು ದಿನ ಕಿಟಕಿಯ ಸರಳು ಬಿಡಲಿಲ್ಲ. ನಾಲ್ಕನೇ ದಿನ ಅವನ ಪಕ್ಕದಲ್ಲೇ ನೆಲಕ್ಕೆ ಕೂತು ಒಂದು ಮೊರದಲ್ಲಿ ಹುಣಸೆಬೀಜ, ಮೆಕ್ಕೆಜೋಳ ಕಲಸಿ ಇಟ್ಟೆ. ಏನೂ ಹೇಳಲಿಲ್ಲ. ನಾನೇ ಒಂದೊಂದಾಗಿ ಬೇರೆ ಮಾಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಕೈ ಸರಳು ಬಿಟ್ಟು ಮೊರಕ್ಕೆ ಬಂತು. ಆಮೇಲೆ ಇನ್ನೊಂದು. ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಕೊನೆಗೆ 'ಕರೀವು ಜಾಸ್ತಿ ಅದಾವ' ಅಂದ. ಶಾಲೆಯಲ್ಲಿ ಅವನು ಆಡಿದ ಮೊದಲ ಮಾತು ಅದು. ಬೇರೆ ಮಾಡುವುದು, ಜೋಡಿಸುವುದು, ಹೆಚ್ಚು ಕಡಿಮೆ ಹೇಳುವುದು, ಗಣಿತ ಶುರುವಾಗುವುದು ಹೀಗೆಯೇ. ಅದಕ್ಕೆ ಖರ್ಚಾಗಿದ್ದು ಒಂದು ಹಿಡಿ ಹುಣಸೆಬೀಜ, ನನ್ನ ಒಂದು ಮುಂಜಾನೆ. ಆ ಮುಂಜಾನೆ ನನಗೆ ಸಿಕ್ಕಿದ್ದು ಕೋಣೆಯಲ್ಲಿ ಹದಿನಾಲ್ಕೇ ಮಕ್ಕಳಿದ್ದುದರಿಂದ.

ಬೋರ್ಡಿನ ಮೇಲೆ ಮಾಂಟೆಸ್ಸರಿ ಅಂತ ಬರೆದಿದ್ದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳಗೆ ಮೂರು, ನಾಲ್ಕು, ಐದು ವರ್ಷದವರು ಒಟ್ಟಿಗೆ ಕೂಡುತ್ತಾರಾ, ಮಕ್ಕಳು ತಾವೇ ಸಾಮಾನು ಎತ್ತಿಕೊಂಡು ತಿರುಗಿ ಅದೇ ಜಾಗದಲ್ಲಿ ಇಡುತ್ತಾರಾ ನೋಡಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ಊರಿನ ಸ್ಯಾನ್ ಲೊರೆಂಝೊ ಅನ್ನೋ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗೆ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅದೇ ಪದ್ಧತಿಯನ್ನು ಆದಿವಾಸಿ ಮಕ್ಕಳ ಅಂಗಳಕ್ಕೆ ಒಯ್ದರು, ಎಲೆ, ಕಲ್ಲು, ಬೀಜಗಳಲ್ಲೇ ಕಲಿಸಿದರು.

ತರಬೇತಿಯಲ್ಲಿ ನಮಗೊಂದು ಪ್ರಯೋಗದ ಬಗ್ಗೆ ಹೇಳಿದ್ದರು. 1962ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಶುರುವಾದ ಪೆರ್ರಿ ಪ್ರೀಸ್ಕೂಲ್. ಬಡ ಮನೆಗಳ 123 ಮಕ್ಕಳನ್ನು ಆರಿಸಿದರು. ಅವರಲ್ಲಿ 58 ಮಕ್ಕಳಿಗೆ ಮಾತ್ರ ಶಾಲೆ. ದಿನಕ್ಕೆ ಎರಡೂವರೆ ತಾಸು, ಒಬ್ಬ ಟೀಚರ್‌ಗೆ ಆರು ಮಕ್ಕಳು, ವಾರಕ್ಕೊಮ್ಮೆ ಟೀಚರ್ ಮನೆಗೆ ಬಂದು ತಾಯಿ ಜೊತೆ ಕೂಡುತ್ತಿದ್ದರು. ಶಾಲೆಗೆ ಹೋದವರು 40 ವರ್ಷದವರಾದಾಗಲೂ ಹೋಗದವರಿಗಿಂತ ಹೆಚ್ಚು ದುಡಿಯುತ್ತಿದ್ದರು, ಪೊಲೀಸ್ ಕೇಸುಗಳಲ್ಲಿ ಸಿಕ್ಕಿದ್ದು ಕಡಿಮೆ. ನಿಮ್ಮವರು ಹೇಳುವ ಬುನಾದಿಯ ಮಾತು ಸುಳ್ಳಲ್ಲ. ಆದರೆ ಆ ಬುನಾದಿ ಕಟ್ಟಿದ್ದು ಕಡಿಮೆ ಮಕ್ಕಳು, ಮನೆಯ ಪರಿಚಯ ಇರುವ ಟೀಚರ್. ಅದು 42 ಸಾವಿರದ ಕಡೆ ಸಿಕ್ಕರೆ ಅಲ್ಲಿ, 9 ಸಾವಿರದ ಕಡೆ ಸಿಕ್ಕರೆ ಇಲ್ಲಿ.

ಇನ್ನೊಂದು, ಮೂರು ವರ್ಷಕ್ಕೇ ಎರಡು ಗೆರೆ ನೋಟ್‌ಬುಕ್ ಕೊಟ್ಟು ಬರೆಸುವ ಕಡೆ ಸೇರಿಸಲೇಬೇಡಿ, ಫೀ ಎಷ್ಟೇ ಇರಲಿ. ಆ ಬೆರಳಿಗೆ ಇನ್ನೂ ಶಕ್ತಿ ಬಂದಿರುವುದಿಲ್ಲ. ಚಪಾತಿ ಹಿಟ್ಟು ನಾದಲಿ, ಹಳೇ ಪೇಪರ್ ಹರಿಯಲಿ, ಶೇಂಗಾ ಸುಲಿಯಲಿ. ಪೆನ್ಸಿಲ್ ಹಿಡಿಯುವ ಶಕ್ತಿ ತಾನಾಗಿ ಬರುತ್ತದೆ.

– ನಿವೃತ್ತ ಶಿಕ್ಷಕಿ, ವಿದ್ಯಾಗಿರಿ, ಬಾಗಲಕೋಟೆ

*

ಅಕ್ಕಾ, ನಮಸ್ಕಾರ.

ನಾನು ಬೆಳಗಾವಿ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ ದುಡಿಯುತ್ತೇನೆ. ಮಗನಿಗೆ ಈಗ ಏಳು ವರ್ಷ. ಅವನ ನರ್ಸರಿಗೆ ಭಿಶಿ (ಚೀಟಿ) ಎತ್ತಿ ಫೀ ಕಟ್ಟಿದವನು ನಾನು. ನನಗೆ ಸಿಗದಿದ್ದು ಅವನಿಗೆ ಸಿಗಲಿ ಅನ್ನೋ ಆಸೆ. ನಿಮ್ಮ ಯಜಮಾನರ ಮನಸ್ಸು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಅವರ ಜೊತೆ ಜಗಳ ಮಾಡಬೇಡಿ, ಈ ಪತ್ರ ಓದಿಸಿ.

ಪ್ರವೇಶದ ದಿನ ನನ್ನನ್ನೂ ಹೆಂಡತಿಯನ್ನೂ ಕೂಡಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಶಾಲೆಗಳು ಪ್ರವೇಶಕ್ಕಾಗಿ ಮಗುವಿನ ಅಥವಾ ತಂದೆ-ತಾಯಿಯ ಸಂದರ್ಶನ ಮಾಡುವಂತಿಲ್ಲ, ಡೊನೇಶನ್ ಕೇಳುವಂತಿಲ್ಲ ಅಂತ 2009ರ ಆರ್‌ಟಿಇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ ಅಂತ ಆಮೇಲೆ ಗೊತ್ತಾಯಿತು. ನಿಮಗೆ ಯಾರಾದರೂ ಹಾಗೆ ಕೂಡಿಸಿದರೆ ತಲೆ ತಗ್ಗಿಸಬೇಡಿ.

ಅಕ್ಟೋಬರ್‌ನಲ್ಲಿ ಒಂದು ದಿನ ಮಗ ಡಬ್ಬಿ ಮರೆತು ಹೋಗಿದ್ದ. ಕೊಡಲು ಹೋದೆ. ಕಿಟಕಿಯಿಂದ ನೋಡಿದರೆ ಎಲ್ಲ ಮಕ್ಕಳೂ ತುಟಿ ಮೇಲೆ ಬೆರಳಿಟ್ಟು ಕೂತಿದ್ದರು. ನಾನು ಎಣಿಸಿದೆ, 38 ಜನ. ನನ್ನ ಮಗ ಮೂರನೇ ಸಾಲಿನಲ್ಲಿದ್ದ. ಚಡ್ಡಿ ಒದ್ದೆಯಾಗಿತ್ತು. ಯಾರೂ ನೋಡಿರಲಿಲ್ಲ. ಅವನು ನನ್ನನ್ನು ನೋಡಿದ. ಬೆರಳು ಮಾತ್ರ ತುಟಿಯಿಂದ ತೆಗೆಯಲಿಲ್ಲ. ಇವತ್ತಿಗೂ ಅದು ಕಣ್ಮುಂದೆ ಬರುತ್ತದೆ.

ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ಹುಡುಗಿ, ಆ ವರ್ಷದ ಮೂರನೇ ಟೀಚರ್. ಅವರ ಪಗಾರ ನಮ್ಮ ಶಾಪಿನ ಹೆಲ್ಪರ್‌ಗಿಂತ ಕಡಿಮೆ ಅಂತ ಗೊತ್ತಾದಾಗ ಎದೆ ಧಸಕ್ ಅಂತು. ನಾನು ಕಟ್ಟಿದ ಫೀ ಎಸಿಗೆ, ಬಣ್ಣದ ಸ್ಲೈಡಿಗೆ ಹೋಗಿತ್ತು. ಹೋದ ವರ್ಷದ ಟೀಚರ್ ಈ ವರ್ಷವೂ ಇದ್ದಾರಾ ಅಂತ ತಪ್ಪದೆ ಕೇಳಿ ಅಕ್ಕಾ.

ಇನ್ನೊಂದು ವಿಷಯ ಬಾಗಲಕೋಟೆಯಲ್ಲಿ ಇಷ್ಟು ಇರಲಿಕ್ಕಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಬರೀ ಇಂಗ್ಲಿಷ್. ಬಾಯಿಬಿಟ್ಟರೆ ತಪ್ಪಾಗುತ್ತದೆ ಅಂತ ಹುಡುಗ ಮನೆಯಲ್ಲೂ ಸುಮ್ಮನಾಗಿಬಿಟ್ಟ. ದೀಪಾವಳಿ ಆದ ಮೇಲೆ ಬಿಡಿಸಿ ವಡಗಾವಿಯ ಒಂದು ಮನೆ ಬಾಲವಾಡಿಗೆ ಹಾಕಿದೆವು. ಅಲ್ಲಿಯ ಮಾವಶಿ ಎರಡೂ ಭಾಷೆಯಲ್ಲಿ ಕತೆ ಹೇಳುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಎಳ್ಳು-ಬೆಲ್ಲ ಹಂಚುತ್ತಾ ಓಣಿ ತುಂಬ ಮಾತಾಡಿಕೊಂಡು ಬಂದ. ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ನನಗೆ ಅದು ತಿಳಿದದ್ದು ಮಗನ ಮೌನದಿಂದ.

ಈಗ ಲೆಕ್ಕ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಹಾಗಾಗಿ ನಿಮಗೆ ಪೂರಾ ಮೂರು ವರ್ಷ ಕಟ್ಟಬೇಕಾಗುತ್ತದೆ. ಫೀ 1,26,000. ವ್ಯಾನ್ ವರ್ಷಕ್ಕೆ ಹತ್ತು ತಿಂಗಳು ಅಂದ್ರೂ 27,000. ಒಟ್ಟು 1,53,000. ಫೀ ಏರಿಸದಿದ್ದರೆ ಇಷ್ಟು, ಯೂನಿಫಾರ್ಮ್, ಗ್ಯಾದರಿಂಗ್ ಡ್ರೆಸ್ಸು ಬಿಟ್ಟು. ಪ್ರತಿ ವರ್ಷ ಒಂದೂವರೆ ತಿಂಗಳ ಪಗಾರಕ್ಕಿಂತ ಜಾಸ್ತಿ. ಬಾಲವಾಡಿಗೆ ಮೂರು ವರ್ಷಕ್ಕೆ 27,000. ಉಳಿದದ್ದರಲ್ಲಿ ನಿಮ್ಮ ಕೈಲಾದಷ್ಟನ್ನು ಪೋಸ್ಟ್ ಆಫೀಸಿನಲ್ಲಿ ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದು ಹಾಕಿ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಹತ್ತನೇ ಕ್ಲಾಸು ಮುಗಿದ ಮೇಲೆ ಅವಳಿಗೆ ನಿಜವಾಗಿ ದುಡ್ಡು ಬೇಕಾಗುತ್ತದೆ.

– ಒಬ್ಬ ತಂದೆ, ಬೆಳಗಾವಿ

*

ಮೇಡಂ,

ನಾನು ವಿಜಯಪುರದಲ್ಲಿ ನರ್ಸ್. ದುಬಾರಿ ಅಂದ್ರೆ ಕೆಟ್ಟದ್ದು, ಅಗ್ಗದ್ದೇ ಒಳ್ಳೇದು ಅಂತಲೂ ತಿಳಿಯಬೇಡಿ. ನಾನು ಮಗಳನ್ನು ಮೊದಲು ಕಡಿಮೆ ಫೀ ನೋಡಿಯೇ ಸೇರಿಸಿದ್ದು. ಒಬ್ಬರೇ ಅಕ್ಕಾವ್ರು, ಮೂವತ್ತಕ್ಕೂ ಹೆಚ್ಚು ಮಕ್ಕಳು, ಮುಂಜಾನೆಯಿಂದ ಟಿವಿ ಹಚ್ಚಿಡುತ್ತಿದ್ದರು. ಬಚ್ಚಲಿಗೆ ಬಾಗಿಲು ಇರಲಿಲ್ಲ. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಇರಲಿಲ್ಲ. ನನ್ನ ಕೆಲಸದಲ್ಲಿ ವಾಂತಿ-ಭೇದಿ ಆದ ಎಷ್ಟೋ ಕೂಸುಗಳನ್ನು ನೋಡುತ್ತೇನೆ. ಎರಡೇ ತಿಂಗಳಿಗೆ ಬಿಡಿಸಿದೆ.

ಈಗ ಜಾಸ್ತಿ ಕೊಡುತ್ತೇನೆ, ಮನಸ್ಸಿಗೆ ಬೇಜಾರಿಲ್ಲ. ಅಲ್ಲಿ ಸಂಜೆ ಐದೂವರೆ ತನಕ ನೋಡಿಕೊಳ್ಳುತ್ತಾರೆ, ನನ್ನ ಡ್ಯೂಟಿಗೆ ಅದು ಬೇಕೇ ಬೇಕು. ನೀವು ಮನೆಯಲ್ಲಿರುವವರಾದರೆ ಅದಕ್ಕೆ ದುಡ್ಡು ಯಾಕೆ ಕೊಡಬೇಕು?

ನೀವು ಹೋದಾಗ ಬಚ್ಚಲು ತೋರಿಸಿ ಅನ್ನಿ. ನಾಚಿಕೆ ಬೇಡ. ಗೇಟಿಗೆ ಕೊಂಡಿ ಇದೆಯಾ ನೋಡಿ. ವ್ಯಾನ್ ಆಗಲಿ ಟಂಟಂ ಆಗಲಿ, ಒಂದು ದಿನ ಮಕ್ಕಳು ಇಳಿಯುವಾಗ ನಿಂತು ಎಣಿಸಿ. ಡ್ರೈವರ್ ಪಕ್ಕದಲ್ಲಿ ಮಕ್ಕಳನ್ನು ತುರುಕಿದ್ದರೆ ಆ ಶಾಲೆ ನಿಮಗೆ ಬೇಡ. ಏಪ್ರಿಲ್ ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ಅಂದ್ರೆ ಎಲ್ಲ ಮಕ್ಕಳನ್ನೂ ಇಳಿಸುತ್ತಾ ಬರುವಷ್ಟರಲ್ಲಿ ಮುಕ್ಕಾಲು ತಾಸು. ಮೂರು ವರ್ಷದ ಕೂಸಿಗೆ ಅದು ಬಹಳ. ನಡೆದು ಹೋಗುವ ದೂರದಲ್ಲಿ ಒಳ್ಳೇದು ಸಿಕ್ಕರೆ ನಾನಂತೂ ಅಲ್ಲೇ ಹಾಕುತ್ತಿದ್ದೆ.

– ಜಲನಗರ, ವಿಜಯಪುರ

*

ತಾಯಿ,

ನಿಮ್ಮ ಅತ್ತೆ ಅಂಗನವಾಡಿ ಅಂದದ್ದಕ್ಕೆ ನನಗೆ ಖುಷಿಯಾಯಿತು. ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಈಗ ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಬಿಸಿ ಊಟ, ಮೊಟ್ಟೆ, 2013ರಿಂದ ಕ್ಷೀರಭಾಗ್ಯದ ಹಾಲು, ತೂಕ-ಎತ್ತರ ನೋಡುವುದು, ಇದೆಲ್ಲ ಫೀ ಇಲ್ಲದೆ ಸಿಗುತ್ತದೆ. ತೂಕ ಇಳಿದರೆ ನಾವೇ ಮನೆಗೆ ಬಂದು ಕೇಳುತ್ತೇವೆ.

ಆದರೆ ಮುಚ್ಚಿಡುವುದಿಲ್ಲ. ನಮಗೆ ಸರ್ವೆ, ರಜಿಸ್ಟರ್, ಮೊಬೈಲ್‌ನಲ್ಲಿ ಫೋಟೊ ಹಾಕುವ ಕೆಲಸ ಬಹಳ. ಕೆಲವು ದಿನ ಹಾಡು, ಕತೆ ನಿಂತೇ ಹೋಗುತ್ತದೆ. ಆ ದಿನ ಮನೆಗೆ ಹೋದರೆ ನನಗೆ ಊಟ ಸೇರುವುದಿಲ್ಲ. ಎಲ್ಲ ಕೇಂದ್ರವೂ ಒಂದೇ ತರಹ ಇರುವುದಿಲ್ಲ. ಕೆಲವರು ಮಕ್ಕಳ ಜೊತೆ ಕುಣಿಯುತ್ತಾರೆ, ಕೆಲವರು ಊಟ ಬಡಿಸಿ ಕಳಿಸುತ್ತಾರೆ. ನಿಮ್ಮ ಓಣಿಯದು ಹೇಗಿದೆ ಅಂತ ನೀವೇ ನೋಡಬೇಕು.

ಮಗಳನ್ನು ಕರೆದುಕೊಂಡು ಒಂದು ವಾರ ಹೋಗಿ, ಮೂಲೆಯಲ್ಲಿ ಕೂಡಿ. ನಮ್ಮ ಕಾರ್ಯಕರ್ತೆಯರು ಬೇಡ ಅನ್ನುವುದಿಲ್ಲ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಅಂತ ಇರುತ್ತದೆ, ಮಕ್ಕಳ ತಾಯಂದಿರು ಅದರಲ್ಲಿ ಇರುತ್ತಾರೆ. ನೀವೂ ಸೇರಿಕೊಳ್ಳಿ. ಆಟದ ಸಾಮಾನು ಇಲ್ಲದಿದ್ದರೆ, ಬಚ್ಚಲು ಸರಿ ಇಲ್ಲದಿದ್ದರೆ ಅಲ್ಲಿ ಹೇಳಿ. ಆಗಲಿಲ್ಲ ಅಂದ್ರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಿಮ್ಮಂಥ ಓದಿದ ತಾಯಂದಿರು ನಮ್ಮ ಅಂಗಳಕ್ಕೆ ಬರಲಿ ಅಂತ ನಾವು ಬಹಳ ವರ್ಷದಿಂದ ದಾರಿ ನೋಡುತ್ತಿದ್ದೇವೆ.

– ಅಂಗನವಾಡಿ ಕಾರ್ಯಕರ್ತೆ, ಮುಧೋಳ ತಾಲ್ಲೂಕು