ಗಿಡ್ಡ ತೋಟಾ ಯಾಕೆ, ಹೇಗೆ? ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಗೋಣಿಕೊಪ್ಪದಿಂದ): ಅಣ್ಣಾ, ನಮಸ್ಕಾರ. ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬೆಂಚ್‌ರೆಸ್ಟ್ ಶೂಟಿಂಗ್ ಶುರು ಮಾಡಿದ್ದಾನೆ. ಮೊನ್ನೆ ಒಂದು ಫೋಟೋ ಕಳಿಸಿದ. ಮೇಜಿನ ಮೇಲೆ ಎರಡು ಖಾಲಿ ಹಿತ್ತಾಳೆ ತೋಟಾ. ಒಂದು ಮಾಮೂಲಿ .308 (ರೈಫಲ್ ತೋಟಾದ ಒಂದು ಅಳತೆ). ಇನ್ನೊಂದು ಅದನ್ನೇ ಕತ್ತರಿಸಿ ಗಿಡ್ಡ ಮಾಡಿದ್ದು. "ಅಪ್ಪಾ, ಇದನ್ನ ನಾನೇ ಮಾಡಿದ್ದು" ಅಂತಾನೆ. ಕಂಪನಿಯವರು ಲೆಕ್ಕ ಹಾಕಿ ಮಾಡಿದ್ದನ್ನು ಇವನು ಯಾಕೆ ಕತ್ತರಿಸಬೇಕು? ಅಪಾಯ ಇಲ್ವಾ? ನೀವು ಹೊರದೇಶದಲ್ಲಿ ಕೋವಿ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಅದಕ್ಕೇ ಕೇಳ್ತಿದ್ದೇನೆ.

ಉತ್ತರ: ನಮಸ್ಕಾರ. ಮಗ ಮಾಡಿದ್ದು ಹುಚ್ಚಾಟ ಅಲ್ಲ, ಹಳೇ ವಿದ್ಯೆ. ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ, ಶೂಟರ್‌ಗಳೇ ಬದಲಾಯಿಸಿಕೊಂಡ ಇಂಥ ತೋಟಾಕ್ಕೆ ಅಮೆರಿಕದವರು 'ವೈಲ್ಡ್‌ಕ್ಯಾಟ್' ಅಂತಾರೆ. ಕಾಡುಬೆಕ್ಕು. ಸಾಕಿದ್ದಲ್ಲ, ತಾನಾಗಿ ಹುಟ್ಟಿದ್ದು ಅಂತ ಇಟ್ಟುಕೊಳ್ಳಿ.

ಮೊದಲು ಬೆಂಚ್‌ರೆಸ್ಟ್ ಅಂದರೆ ಏನು ಅಂತ ಹೇಳಿಬಿಡ್ತೇನೆ, ಗುಂಪಿನಲ್ಲಿ ಹೊಸಬರೂ ಇದ್ದಾರೆ. ಗಟ್ಟಿ ಮೇಜು, ಅದರ ಮೇಲೆ ಮರಳಿನ ಚೀಲ, ಚೀಲದ ಮೇಲೆ ರೈಫಲ್. ಸಾಮಾನ್ಯವಾಗಿ 100 ಗಜದಿಂದ ಐದು ಗುಂಡು. ತೂತುಗಳು ಗುರಿ ಕಾಗದದ ನಡುವೆ ಬಿದ್ದವೋ ಇಲ್ಲವೋ ಅನ್ನೋದು ಮುಖ್ಯವಲ್ಲ. ಐದೂ ಒಂದರ ಮೇಲೊಂದು ಎಷ್ಟು ಹತ್ತಿರ ಬಿದ್ದವು ಅನ್ನೋದನ್ನು ಅಳೆಯುತ್ತಾರೆ. ತೂತಿನ ನಡುವಿನಿಂದ ತೂತಿನ ನಡುವಿಗೆ. 1973ರಲ್ಲಿ ಅಮೆರಿಕದ ಮ್ಯಾಕ್ ಮೆಕ್‌ಮಿಲನ್ 0.009 ಇಂಚಿನಲ್ಲಿ ಐದೂ ಕೂರಿಸಿದರು. ಆ ದಾಖಲೆ ನಲವತ್ತು ವರ್ಷ ಅಲ್ಲಾಡಲಿಲ್ಲ. 2013ರಲ್ಲಿ ಮೈಕ್ ಸ್ಟಿನೆಟ್ ಅನ್ನುವವರು 0.0077 ಇಂಚಿಗೆ ಇಳಿಸಿದರು. ಮಿಲಿಮೀಟರಿನ ಐದನೇ ಒಂದು ಭಾಗ! ಅವರ ತೋಟಾ ಕೂಡ ವೈಲ್ಡ್‌ಕ್ಯಾಟೇ, 6.5 ಗ್ರೆಂಡೆಲ್ ಅನ್ನುವ ಕೇಸಿನಿಂದ ಮಾಡಿಕೊಂಡದ್ದು. ಕೇಸು ಅಂದರೆ ತೋಟಾದ ಖಾಲಿ ಹಿತ್ತಾಳೆ ಕವಚ.

ಗಿಡ್ಡ ಯಾಕೆ? ಉದ್ದ ತೆಳು ತೋಟಾದಲ್ಲಿ ಮದ್ದು ಊದುಬತ್ತಿ ಥರ ನಿಂತಿರುತ್ತದೆ. ಗಿಡ್ಡ ದಪ್ಪ ತೋಟಾದಲ್ಲಿ ಒಲೆಯ ಕೆಂಡದ ಥರ ಒಟ್ಟಿಗೆ ಇರುತ್ತದೆ. ಕೇಪಿನ (ಬುಡದಲ್ಲಿ ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು) ಬೆಂಕಿ ಎಲ್ಲ ಕಡೆಗೂ ಒಂದೇ ಸಮ ತಗಲುತ್ತದೆ, ಪ್ರತಿ ಗುಂಡಿನ ವೇಗವೂ ಒಂದೇ ಆಗುತ್ತದೆ ಅನ್ನೋದು ವಾದ. ಮದ್ದು ಕಮ್ಮಿ, ಹೆಗಲಿಗೆ ಒದೆತ ಕಮ್ಮಿ, ನಳಿಗೆ ಬಿಸಿಯಾಗೋದೂ ಕಮ್ಮಿ. ನನ್ನ ಅಭಿಪ್ರಾಯ ಕೇಳಿದರೆ, ಅರ್ಧ ಪುಣ್ಯ ಒಳ್ಳೆ ನಳಿಗೆಗೆ ಸೇರಬೇಕು. ಯಾಕಂದರೆ 1950ರಲ್ಲಿ ಬಂದ .222 ರೆಮಿಂಗ್ಟನ್ ತೆಳ್ಳಗಿನ ತೋಟಾ. ಆದರೂ ಇಪ್ಪತ್ತೈದು ವರ್ಷದ ಹತ್ತಿರ ಬೆಂಚ್ ಮೇಲೆ ಅದರದೇ ಆಳ್ವಿಕೆ. ಎಪ್ಪತ್ತರ ದಶಕದ ನಡುವೆ ಲೂ ಪಾಲ್ಮಿಸಾನೊ, ಫೆರಿಸ್ ಪಿಂಡೆಲ್ ಅನ್ನುವ ಇಬ್ಬರು .220 ರಷ್ಯನ್ ಕೇಸನ್ನು ಅಗಲ ಮಾಡಿ ಪಿಪಿಸಿ (ಇಬ್ಬರ ಹೆಸರಿನ ಮೊದಲಕ್ಷರ, ಜೊತೆಗೆ ಕಾರ್ಟ್ರಿಡ್ಜ್) ಅಂತ ಮಾಡಿದರು. ಆಮೇಲೆ .222 ಮನೆಗೆ ಹೋಯಿತು.

ನಿಮ್ಮ ಮಗನ ಫೋಟೋದಲ್ಲಿ ಇರೋದು ಬೇರೆ ಮನೆತನ, ಬಿಆರ್ (ಬೆಂಚ್‌ರೆಸ್ಟ್ ಅನ್ನೋದರ ಗಿಡ್ಡ ಹೆಸರು). 51 ಮಿ.ಮೀ. ಉದ್ದದ .308 ಕೇಸನ್ನು ಸುಮಾರು 39 ಮಿ.ಮೀ.ಗೆ ಇಳಿಸಿ, ಬಾಯನ್ನು 6 ಮಿ.ಮೀ. ಗುಂಡಿಗೆ ಕಿರಿದು ಮಾಡಿದ್ದು. ಈಗ ಇದು ಕಂಪನಿಯಿಂದಲೇ ಸಿದ್ಧವಾಗಿ ಸಿಗುತ್ತದೆ. ಅವನು ಕೈಯಲ್ಲಿ ಮಾಡಿದ್ದು ಆಸೆಗೆ ಅಂತ ಕಾಣುತ್ತದೆ. ಮಾಡಲಿ ಬಿಡಿ, ಕಲಿಯುತ್ತಾನೆ. ಅಪಾಯದ ಮಾತಿಗೆ ಬರ್ತೇನೆ, ಕೈಯಲ್ಲಿ ಕೆಲಸ ಇದೆ, ಸಂಜೆ ಬರೀತೇನೆ.

ಪ್ರಶ್ನೆ (ಸೋಮವಾರಪೇಟೆಯಿಂದ): ಸರ್, ನಾನು ಲೇತ್ ಕೆಲಸದವನು. ಬರೀ 12 ಮಿ.ಮೀ. ಕತ್ತರಿಸೋದು ತಾನೆ? ಗರಗಸ ಹಾಕಿದರೆ ಐದು ನಿಮಿಷದ ಕೆಲಸ ಅಲ್ವಾ?

ಉತ್ತರ: ಕತ್ತರಿಸೋದು ಐದು ನಿಮಿಷವೂ ಬೇಡ. ಕಷ್ಟ ಇರೋದು ಬೇರೆ ಕಡೆ. ಒಂದು ಕೇಸನ್ನು ಉದ್ದಕ್ಕೆ ಸೀಳಿ ನೋಡಿದ್ದೀರಾ? ಬುಡ ಗಟ್ಟಿ, ದಪ್ಪ. ಮೇಲೆ ಹೋದ ಹಾಗೆ ಗೋಡೆ ತೆಳ್ಳಗಾಗುತ್ತದೆ. ಬಾಯಿ ಹತ್ತಿರ ಎಲ್ಲಕ್ಕಿಂತ ತೆಳು. ನೀವು ಆ ತೆಳು ಬಾಯನ್ನೇ ಕತ್ತರಿಸಿ ಬಿಸಾಡಿದಿರಿ. ಈಗ ಹೊಸ ಕತ್ತು (ಗುಂಡನ್ನು ಹಿಡಿಯೋ ಕಿರಿದು ಭಾಗ) ಎಲ್ಲಿಂದ ಬರಬೇಕು? ಮೊದಲು ಹೊಟ್ಟೆಯಾಗಿದ್ದ ಜಾಗದಿಂದ. ಅಲ್ಲಿ ಗೋಡೆ ದಪ್ಪ. ಅದನ್ನು ಕಿರಿದು ಮಾಡಿದಾಗ ಇನ್ನೂ ದಪ್ಪ ಆಗುತ್ತದೆ. ಲೋಹ ಎಲ್ಲಿಗೂ ಹೋಗಲ್ಲ, ಸುತ್ತಳತೆ ಕಮ್ಮಿಯಾದರೆ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಅದೂ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ.

ಬೆಂಚ್ ರೈಫಲಿನ ಲೆಕ್ಕ ಹೇಳ್ತೇನೆ, ನಿಮಗೆ ಅರ್ಥ ಆಗುತ್ತದೆ. ಇಂಚಿನ ಸಾವಿರದ ಒಂದು ಭಾಗಕ್ಕೆ ನಾವು ಥೌ ಅಂತೀವಲ್ಲ, ಅದರಲ್ಲೇ ಹೇಳ್ತೇನೆ. ಗುಂಡಿನ ದಪ್ಪ 243 ಥೌ. ಕತ್ತಿನ ಗೋಡೆಯನ್ನು ಎಂಟೂವರೆ ಥೌಗೆ ಕೆರೆದಿದ್ದಾರೆ ಅಂದುಕೊಳ್ಳಿ. ಎರಡೂ ಕಡೆ ಸೇರಿ 17. ಒಟ್ಟು 260. ರೈಫಲಿನ ಚೇಂಬರಿನಲ್ಲಿ (ನಳಿಗೆಯ ಹಿಂದೆ ತೋಟಾ ಕೂರೋ ಗೂಡು) ಆ ಕತ್ತಿಗೆ ಇರೋ ಜಾಗ 262. ಉಳಿದ ಸಂದು ಎರಡೇ ಥೌ. ಅದಕ್ಕಿಂತ ದಪ್ಪ ಕತ್ತನ್ನು ತುರುಕಿದರೆ ಬೋಲ್ಟ್ (ಚೇಂಬರ್ ಮುಚ್ಚೋ ಬಾಗಿಲು) ಬಿಗಿಯಾಗುತ್ತದೆ. ಕೆಲವರು ಅಂಗೈಯಿಂದ ಗುದ್ದಿ ಮುಚ್ಚುತ್ತಾರೆ. ಹಾಗೆ ಮುಚ್ಚಿ ಹೊಡೆದರೆ ಗುಂಡನ್ನು ಬಿಡಲಿಕ್ಕೆ ಕತ್ತು ಅರಳಬೇಕು, ಅರಳಲಿಕ್ಕೆ ಜಾಗವೇ ಇಲ್ಲ. ಒತ್ತಡ ಒಂದೇ ಸಲ ಏರುತ್ತದೆ. ಗೋಣಿಕೊಪ್ಪದ ಅಣ್ಣನಿಗೆ ಅಪಾಯದ ಬಗ್ಗೆ ಹೇಳ್ತೇನೆ ಅಂದಿದ್ದೆನಲ್ಲ, ಮೊದಲನೇ ಅಪಾಯ ಇದೇ.

ಎರಡನೇದು: ಗೋಡೆ ದಪ್ಪ ಆದರೆ ಒಳಗೆ ಜಾಗ ಕಮ್ಮಿ. ಕಂಪನಿ ಕೇಸಿಗೆ ಹೊಂದುವ ಮದ್ದಿನ ಅಳತೆ ಕೈಯಲ್ಲಿ ಮಾಡಿದ ಕೇಸಿಗೆ ಹೊಂದಲ್ಲ. ಹೊರಗಿನಿಂದ ಎರಡೂ ಅವಳಿಜವಳಿ, ಒಳಗೆ ಬೇರೆ. ಮಗನಿಗೆ ಇದೊಂದು ಮಾತು ಖಂಡಿತ ಹೇಳಿ. ಅಳತೆಯನ್ನು ಅಲ್ಲಿಯ ಅವನ ಕ್ಲಬ್ಬಿನ ಹಿರಿಯರ ಹತ್ತಿರ ಕೂತು ಗೊತ್ತು ಮಾಡಿಕೊಳ್ಳಲಿ. ನಾನು ಈ ಗುಂಪಿನಲ್ಲಿ ಯಾರಿಗೂ ಮದ್ದಿನ ಅಳತೆ ಹೇಳಲ್ಲ.

ಪ್ರಶ್ನೆ (ಅದೇ ಸೋಮವಾರಪೇಟೆಯವರು): ಹಾಗಾದರೆ ಕೆಲಸದ ಕ್ರಮ ಹೇಗೆ ಸರ್? ಕುತೂಹಲಕ್ಕೆ ಕೇಳ್ತಿದ್ದೇನೆ, ಸುಮ್ನೆ.

ಉತ್ತರ: ನಮ್ಮ ವರ್ಕ್‌ಶಾಪಿನಲ್ಲಿ ಹೀಗೆ ಮಾಡುತ್ತಿದ್ದೆವು. ಕೇಸಿಗೆ ಕುರಿ ಉಣ್ಣೆಯ ಜಿಡ್ಡು (ಲ್ಯಾನೋಲಿನ್) ತೆಳ್ಳಗೆ ಸವರಿ ಪ್ರೆಸ್ಸಿನಲ್ಲಿ ಡೈ (ಆಕಾರ ಕೊಡೋ ಉಕ್ಕಿನ ಅಚ್ಚು) ಒಳಗೆ ತಳ್ಳೋದು. ಕೇಸಿನ ಹೆಗಲು, ಅಂದರೆ ಕತ್ತಿನ ಕೆಳಗಿನ ಇಳಿಜಾರು, ಕೆಳಗೆ ಇಳಿಯುತ್ತದೆ. ಡೈ ಮೇಲೆ ಇಣುಕಿದ ತುದಿಯನ್ನು ಗರಗಸದಲ್ಲಿ ಕತ್ತರಿಸಿ ಅರ ಹಾಕೋದು. ಡೈ ತಲೆ ಗಟ್ಟಿ ಉಕ್ಕು, ಅರ ಅದರ ಮೇಲೆ ಜಾರುತ್ತದೆ, ಹಾಗಾಗಿ ಅಳತೆ ತಪ್ಪಲ್ಲ. ಆಮೇಲೆ ಇನ್ನೊಂದೆರಡು ಡೈ, ಪ್ರತಿ ಸಲವೂ ಕತ್ತು ಸ್ವಲ್ಪ ಕಿರಿದು. ಒಂದೇ ಏಟಿಗೆ ಮಾಡಿದರೆ ಮಡಿಕೆ ಬೀಳುತ್ತದೆ. ನಡುವೆ ಕತ್ತನ್ನು ಬಿಸಿ ಮಾಡಿ ಮೆತ್ತಗೆ ಮಾಡಬೇಕು. ಕೊನೆಗೆ ಕತ್ತಿನ ಒಳಗೆ ರೀಮರ್ ಅಥವಾ ಹೊರಗೆ ಕೆರೆಯೋ ಕಟ್ಟರ್. ಇಷ್ಟಾದ ಮೇಲೂ ಕೇಸು ಪೂರ್ತಿ ಆಗಿಲ್ಲ. ಅದೇ ರೈಫಲಿನಲ್ಲಿ ಒಂದು ಸಲ ಹೊಡೆದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಅಚ್ಚು ತಗೊಳ್ಳುತ್ತದೆ. ಇಡ್ಲಿ ಹಿಟ್ಟು ತಟ್ಟೆಯ ಗುಳಿಯ ಆಕಾರ ತಗೊಂಡ ಹಾಗೆ.

ಜಿಡ್ಡು ಜಾಸ್ತಿ ಆದರೆ ಹೆಗಲಿನ ಮೇಲೆ ಗುಳಿ ಬೀಳುತ್ತದೆ. ಎಣ್ಣೆಗೆ ಹೋಗಲು ದಾರಿ ಇಲ್ಲ, ಹಿತ್ತಾಳೆಯನ್ನೇ ಒಳಗೆ ತಳ್ಳುತ್ತದೆ. ಕಮ್ಮಿ ಆದರೆ ಕೇಸು ಡೈ ಒಳಗೇ ಸಿಕ್ಕಿಬೀಳುತ್ತದೆ. ನನ್ನ ಮೊದಲ ವಾರ ಅದೇ ಆಯಿತು. ಜೋರಾಗಿ ಎಳೆದೆ, ಬುಡದ ಅಂಚು ಕಿತ್ತು ಬಂತು, ಕೇಸು ಅಲ್ಲೇ. ಹಿರಿಯ ಮೇಸ್ತ್ರಿ ಬೈಯಲಿಲ್ಲ. ಬುಡಕ್ಕೆ ಡ್ರಿಲ್ ಹಾಕಿಸಿ, ಟ್ಯಾಪ್ ಹೊಡೆಸಿ, ದಪ್ಪ ವಾಷರ್ ಇಟ್ಟು ಬೋಲ್ಟ್ ತಿರುಗಿಸಲು ಹೇಳಿದ. ಬೋಲ್ಟ್ ತಿರುಗಿದ ಹಾಗೆ ಕೇಸು ಹಲ್ಲು ಕಿತ್ತ ಹಾಗೆ ಮೆಲ್ಲಗೆ ಹೊರಗೆ ಬಂತು. ಆ ಕೇಸನ್ನು ಇವತ್ತಿಗೂ ಪೆನ್ ಸ್ಟ್ಯಾಂಡ್ ಪಕ್ಕ ಇಟ್ಟುಕೊಂಡಿದ್ದೇನೆ.

ಪ್ರಶ್ನೆ (ಕುಶಾಲನಗರದಿಂದ): ನಮ್ಮ ಅಜ್ಜ ಕುಲುಮೆ ಇಟ್ಟುಕೊಂಡಿದ್ದರು. ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿ ಆಗಬೇಕು ಅಲ್ವಾ? ನೀವು ಮೆತ್ತಗೆ ಆಗುತ್ತದೆ ಅಂತೀರಿ.

ಉತ್ತರ: ಅಜ್ಜ ಹೇಳಿದ್ದು ಉಕ್ಕಿನ ಮಾತು, ಸರಿಯೇ. ಕತ್ತಿ, ಕೊಡಲಿ ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತವೆ. ತೋಟಾದ ಹಿತ್ತಾಳೆ 70 ಪಾಲು ತಾಮ್ರ, 30 ಪಾಲು ಸತು. ಇದು ಗಟ್ಟಿ ಆಗೋದು ಬಡಿತದಿಂದ, ಮಡಚೋದರಿಂದ. ಕಾಯಿಸಿದರೆ ಮೆತ್ತಗಾಗುತ್ತದೆ, ನೀರಿಗೆ ಹಾಕಿ ಅಥವಾ ಹಾಗೇ ಬಿಡಿ, ಎರಡೂ ಒಂದೇ. ನೀರು ಬಿಸಿ ಕೆಳಗೆ ಇಳಿಯದಿರಲಿ ಅಂತ ಮಾತ್ರ. ಕತ್ತು, ಹೆಗಲು ಮೆತ್ತಗಾಗಬೇಕು. ಬುಡ ಮೆತ್ತಗಾದರೆ ಆ ಕೇಸು ಗುಜರಿಗೆ. ಒತ್ತಡವನ್ನೆಲ್ಲ ಹಿಡಿದು ನಿಲ್ಲೋದು ಬುಡವೇ. ಅದಕ್ಕೇ ಕೇಸನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮೇಲೆ ಮಾತ್ರ ಜ್ವಾಲೆ ತೋರಿಸುತ್ತಿದ್ದರು.

ಪ್ರಶ್ನೆ (ನಾಪೋಕ್ಲುವಿನಿಂದ): ಮಾವ, ತೋಟಾ ಡಬ್ಬಿಯನ್ನು ಕೊಟ್ಟಿಗೆ ಅಟ್ಟದ ಮೇಲೆ ಇಡಬೇಡ ಅಂತ ಹೋದ ಕೈಲ್‌ಪೊಳ್ದಿಗೆ (ಕೊಡವರ ಆಯುಧಪೂಜೆ ಹಬ್ಬ) ನೀವು ಬೈದಿರಿ. ಮಳೆ ನೀರು ಬೀಳಲ್ಲ ಅಲ್ಲಿ. ಯಾಕೆ ಬೈದಿದ್ದು ಅಂತ ಈಗ ಹೇಳಿ.

ಉತ್ತರ: ಒಳ್ಳೆ ಪ್ರಶ್ನೆ ಕಣೋ! ಇವತ್ತಿನ ಮಾತಿಗೂ ಸೇರುತ್ತದೆ. ಬ್ರಿಟಿಷರ ಕಾಲದಲ್ಲಿ ಇದೇ ನಮ್ಮ ದೇಶದಲ್ಲಿ ಸೇನೆಯವರು ಮಳೆಗಾಲ ಮುಗಿಯೋವರೆಗೂ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಒಣ ಜಾಗ ಅಂತ. ಮಳೆ ಮುಗಿದು ತೆಗೆದು ನೋಡಿದರೆ ಕೇಸುಗಳು ತಾವಾಗಿ ಸೀಳಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಹೊಡೆದಿಲ್ಲ. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಗಾಳಿ, ಜೊತೆಗೆ ತೇವ, ಜೊತೆಗೆ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ. ಒತ್ತಿ ಎಳೆದು ಆಕಾರ ಕೊಟ್ಟ ಹಿತ್ತಾಳೆ ಒಳಗೊಳಗೇ ಸೆಟೆದುಕೊಂಡಿರುತ್ತದೆ. ಅಮೋನಿಯಾ ಆ ಸೆಟೆತ ಇರುವ ಕಡೆ ಹೊಕ್ಕು ಸೀಳುತ್ತದೆ. ಹದವಾಗಿ ಕಾಯಿಸಿ ಬಿಗಿತ ಬಿಡಿಸಿದರೆ ಈ ಕಾಟ ಇಲ್ಲ.

ನಿನ್ನ ಕೊಟ್ಟಿಗೆಯಲ್ಲಿ ದನದ ಗಂಜಲ ಇದೆ. ಪಕ್ಕದಲ್ಲಿ ಕಾಫಿ ತೋಟಕ್ಕೆ ತಂದ ಯೂರಿಯಾ ಮೂಟೆ ಇದೆ, ನಾನೇ ನೋಡಿದ್ದೇನೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಪೋಕ್ಲು ಮಳೆ. ಇನ್ನೇನು ಬೇಕು? ಅಮೋನಿಯಾ ಸೇರಿದ ಪಾಲಿಶ್ ಹಾಕಿ ತೋಟಾ ಹೊಳೆಯಿಸುವವರಿಗೂ ಇದೇ ಮಾತು. ಕೈಲ್‌ಪೊಳ್ದಿಗೆ ಕೋವಿಗೆ ತೋಕ್ ಪೂ (ಕೋವಿ ಹೂವು) ಇಡಿ, ತೋಟಾವನ್ನು ಹೊಳೆಯಿಸಲೇಬೇಕು ಅಂತಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ (ಪೊನ್ನಂಪೇಟೆಯಿಂದ): ಅಣ್ಣಾ, ನಮಗೆ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ವಿನಾಯಿತಿ ಪತ್ರ ಇದೆ. ಮನೆಯಲ್ಲಿ ಹಳೇ .315 ರೈಫಲ್ ಇದೆ. ತೆಂಗಿನಕಾಯಿಗೆ ಹೊಡೆಯೋ ಪಂದ್ಯಕ್ಕೆ ನಾವೂ ಇಂಥದ್ದೊಂದು ಗಿಡ್ಡ ತೋಟಾ ಮಾಡಿಕೊಳ್ಳಬಹುದಾ? ನಮಗೆ ಲೈಸೆನ್ಸೇ ಬೇಡವಲ್ಲ.

ಉತ್ತರ: ಬೇಡ. ಇದನ್ನು ಎಲ್ಲರೂ ಓದಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳಲು, ಒಯ್ಯಲು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಸರಿ. ಆದರೆ ತಯಾರಿಸೋದು, ಬದಲಾಯಿಸೋದು, ರಿಪೇರಿ ಮಾಡೋದು 5ನೇ ಸೆಕ್ಷನ್. ಅದಕ್ಕೆ ಬೇರೆ ಲೈಸೆನ್ಸ್. ಮದ್ದುಗುಂಡು ಅನ್ನೋದರಲ್ಲಿ ಅದರ ಭಾಗಗಳೂ, ತಯಾರಿಸೋ ಯಂತ್ರವೂ ಸೇರುತ್ತವೆ ಅಂತ ಕಾಯ್ದೆಯೇ ಹೇಳುತ್ತದೆ. ಸೋಮವಾರಪೇಟೆಯವರು ಲೇತ್ ಮೇಲೆ ತೋಟಾ ಮಾಡಲು ಹೋದರೆ ಅವರಿಗೂ ಇದು ಅನ್ವಯಿಸುತ್ತದೆ, ಅದಕ್ಕೇ 'ಸುಮ್ನೆ' ಅಂದಾಗ ಸ್ವಲ್ಪ ಹೆದರಿದೆ.

ಇನ್ನು .315 ಮಾತು. ಅದರ ಚೇಂಬರ್ ಉದ್ದ ತೋಟಾಕ್ಕೆ ಕೊರೆದದ್ದು. ಗಿಡ್ಡ ಕೇಸು ಹಾಕಿದರೆ ಮುಂದೆ ಖಾಲಿ ಜಾಗ, ಕೇಸು ಹರಿಯುತ್ತದೆ. ಗಿಡ್ಡ ತೋಟಾ ಬೇಕು ಅಂದರೆ ಅದಕ್ಕೆ ಅಂತಲೇ ನಳಿಗೆ, ಚೇಂಬರ್ ಬೇಕು. ತೋಟಾ ಮೊದಲು ಅಲ್ಲ, ಚೇಂಬರ್ ಮೊದಲು. ಅದೂ ಅಲ್ಲದೆ ತೆಂಗಿನಕಾಯಿಗೆ 0.0077 ಇಂಚು ಯಾಕಣ್ಣ? ಅಷ್ಟು ದೊಡ್ಡ ಕಾಯಿ!

ಪ್ರಶ್ನೆ (ಗೋಣಿಕೊಪ್ಪದಿಂದ): ಅಣ್ಣಾ, ಮಗನಿಗೆ ಎಲ್ಲ ಓದಿ ಹೇಳಿದೆ. "ಕತ್ತು ಕೆರೆದಿದ್ದೀಯಾ?" ಅಂತ ಕೇಳಿದೆ. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ನಿಮಗೆ ಇದೆಲ್ಲ ಯಾರು ಹೇಳಿದ್ದು?" ಅಂದ. ಇನ್ನೂ ಕೆರೆದಿಲ್ಲವಂತೆ. ಹೊಡೆದೂ ಇಲ್ಲವಂತೆ.

ಉತ್ತರ: ಹೊಡೆದಿಲ್ಲ ಅಂದಿದ್ದು ಒಳ್ಳೆಯದಾಯಿತು. ಹತ್ತು ಕೇಸಿನ ಕತ್ತನ್ನು ಮೈಕ್ರೋಮೀಟರಿನಲ್ಲಿ ಸುತ್ತಲೂ ನಾಲ್ಕು ಕಡೆ ಅಳೆದು ಬರೆದು ಕಳಿಸಲು ಹೇಳಿ. ಚೇಂಬರಿನ ಕತ್ತಿನ ಅಳತೆ ಸಾಮಾನ್ಯವಾಗಿ ನಳಿಗೆ ಮೇಲೆ ಕೊರೆದಿರುತ್ತಾರೆ, ಅದನ್ನೂ ಸೇರಿಸಲಿ. ಭಾನುವಾರ ನಾನು ಮನೆಯಲ್ಲೇ ಇರ್ತೇನೆ, ವಿಡಿಯೋ ಕಾಲ್ ಹಾಕಿ. ಅವನ ಊರಿನ ಹೊತ್ತು ನೋಡಿಕೊಂಡು.