ಟ್ಯಾಬ್ಲೆಟ್‌ನಲ್ಲಿ ಏನೂ ಇಲ್ಲ, ಕಿಟಕಿಯಾಚೆ ಎಫ್-18 ಫೈಟರ್! ಓವೆನ್ಸ್ ಕಣಿವೆಯಲ್ಲಿ ಹಾರಿ ಗೊತ್ತಿರೋರು ಹೇಳಿ

ಹೇಮಾವತಿ172 (ಫ್ರೆಸ್ನೊ, ಕ್ಯಾಲಿಫೋರ್ನಿಯಾ)

ನಮಸ್ಕಾರ. ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಯ್ತು, ಒಟ್ಟು 190 ಗಂಟೆ ಹಾರಿದ್ದೀನಿ. ಕ್ಲಬ್ಬಿನ ಹಳೇ ಸೆಸ್ನಾ 172. ಹೋದ ತಿಂಗಳು ಆದದ್ದನ್ನ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಊರಿಂದ ನಮ್ಮ ಮಾವನವರು ಬಂದಿದ್ರು. ಸಕಲೇಶಪುರದ ಹತ್ರ ಕಾಫಿ ತೋಟ, ವಯಸ್ಸು ಎಪ್ಪತ್ತರ ಆಸುಪಾಸು, ಚಿಕ್ಕ ವಿಮಾನ ಹತ್ತಿದ್ದು ಇದೇ ಮೊದಲು. ಮೌಂಟ್ ವಿಟ್ನಿ ತೋರಿಸ್ತೀನಿ ಅಂತ ಓವೆನ್ಸ್ ಕಣಿವೆಯ ಲೋನ್ ಪೈನ್‌ಗೆ ಕರ್ಕೊಂಡು ಹೊರಟೆ. ನಕ್ಷೆಯಲ್ಲಿ ಫ್ರೆಸ್ನೊಗೂ ಲೋನ್ ಪೈನ್‌ಗೂ ಗೇಣುದ್ದ ಇಲ್ಲ. ಆದ್ರೆ ನಡುವೆ ಸಿಯೆರಾ ನೆವಾಡಾ ನಿಂತಿದೆ, ವಿಟ್ನಿಯೇ 14,505 ಅಡಿ. ನಮ್ಮ 172 ಆ ಗೋಡೆ ಹತ್ತೋದಿಲ್ಲ, ಹತ್ತುತ್ತೆ ಅಂದ್ರೂ ನಾನು ಹತ್ತಿಸೋನಲ್ಲ. ಹಾಗಾಗಿ ಬೇಕರ್ಸ್‌ಫೀಲ್ಡ್ ವರೆಗೆ ಇಳಿದು, ತೆಹಚಪಿ ಕಣಿವೆ ದಾಟಿ, ಮೊಹಾವಿ, ಇನ್ಯೋಕರ್ನ್ ಮೇಲೆ ಮತ್ತೆ ಉತ್ತರಕ್ಕೆ. ಎರಡೂಕಾಲು ಗಂಟೆ ಪ್ರಯಾಣ.

ಆ ಕಡೆ ಹಾರಿದವರಿಗೆ ಗೊತ್ತು, ಅದೆಲ್ಲ ಮಿಲಿಟರಿಯವರ ಆಕಾಶ. ಎಡ್ವರ್ಡ್ಸ್, ಚೈನಾ ಲೇಕ್, ಫೋರ್ಟ್ ಅರ್ವಿನ್ ಎಲ್ಲ ಸೇರಿ ಆರ್-2508 ಅಂತ ಒಂದೇ ದೊಡ್ಡ ಗುಂಪು. ನಿರ್ಬಂಧಿತ ವಲಯಗಳಿಗೆ ನಾನು ಕಾಲಿಡಲಿಲ್ಲ. ಬರೀ ಎಂಒಎ, ಅಂದ್ರೆ ನಾವೂ ಹೋಗಬಹುದಾದ, ಅವರೂ ಯುದ್ಧಾಭ್ಯಾಸ ಮಾಡೋ ಜಾಗದಲ್ಲೇ ಹೋದೆ. ಆ ಭಾಗದ ಆಕಾಶ ನೋಡ್ಕೊಳ್ಳೋ ಕಂಟ್ರೋಲರ್, ಜೋಶುವಾ ಅಪ್ರೋಚ್ ಜೊತೆ ರೇಡಿಯೋದಲ್ಲಿ ಇದ್ದೆ. ಬುಧವಾರ, ಬೆಳಗ್ಗೆ ಹತ್ತೂವರೆ, 8,500 ಅಡಿ.

ಬಲಗಡೆ ಓವೆನ್ಸ್ ಕೆರೆ ಬೆಳ್ಳಗೆ ಕಾಣ್ತಿತ್ತು. ಲಾಸ್ ಏಂಜಲೀಸ್‌ನವರು 1913ರಲ್ಲಿ ನಾಲೆ ತೆಗೆದು ಈ ಕಣಿವೆಯ ನೀರು ಒಯ್ದಮೇಲೆ ಬತ್ತಿದ ಕೆರೆ ಇದು ಅಂತ ಮಾವನವರಿಗೆ ಹೇಳ್ತಿದ್ದೆ. ಅವರು "ಹೇಮಾವತಿ ಜಗಳ ಇಲ್ಲೂ ಇದೆಯಾ" ಅಂದ್ರು. ಅಷ್ಟರಲ್ಲಿ ಜೋಶುವಾ ಕರೆದ್ರು: ಎರಡು ಎಫ್-18, ನೇರ ಎದುರಿಗೆ, ಆರು ಮೈಲಿ, ನಮ್ಮ ಕಡೆಗೇ ಬರ್ತಿವೆ, ಎತ್ತರ ಗೊತ್ತಾಗ್ತಿಲ್ಲ. ಸುತ್ತಲಿನ ವಿಮಾನಗಳನ್ನ ತೋರಿಸೋ ಟ್ಯಾಬ್ಲೆಟ್ ನೋಡಿದೆ. ಖಾಲಿ. ಹೊರಗೆ ನೋಡಿದೆ. ಅಲ್ಲೂ ಏನಿಲ್ಲ. ಆಗ ಮಾವನವರು ಬಲಗಿಟಕಿಗೆ ಬೆರಳು ತಾಗಿಸಿ, "ಅಳಿಯಂದ್ರೇ, ಕೆಳಗೆ ಏನೋ ಓಡ್ತಿದೆ ನೋಡಿ" ಅಂದ್ರು. ಬಿಳಿ ಕೆರೆಯ ಮೇಲೆ ಒಂದು ಕಪ್ಪು ನೆರಳು. ನೆರಳು ಸಿಕ್ಕಿದ ಮೇಲೇ ಅದರ ಮೇಲಿದ್ದ ವಿಮಾನ ಕಂಡಿದ್ದು. ಬೂದು ಬಣ್ಣ, ಹೊರಕ್ಕೆ ಓರೆಯಾದ ಜೋಡಿ ಬಾಲ. "ಟ್ರಾಫಿಕ್ ಇನ್ ಸೈಟ್", ಅಂದ್ರೆ ವಿಮಾನ ಕಂಡಿದೆ ಅಂತ ರೇಡಿಯೋದಲ್ಲಿ ಹೇಳಿ, ಇಬ್ಬರೂ ಕತ್ತು ತಿರುಗಿಸಿ ಅದನ್ನೇ ನೋಡ್ತಾ ಕೂತ್ವಿ.

ಮೂರು ಸೆಕೆಂಡೋ ನಾಲ್ಕೋ. ಎಡಗಡೆ, ನಮಗೂ ಬೆಟ್ಟಕ್ಕೂ ನಡುವೆ, ಹೆಚ್ಚು ಕಡಿಮೆ ನಮ್ಮ ಎತ್ತರದಲ್ಲೇ ಎರಡನೆಯದು ಹಾದು ಹೋಯ್ತು. ಅರ್ಧ ಮೈಲಿ ಇದ್ದಿರಬೇಕು. ನನಗೆ ಕಂಡಿದ್ದು ಅದರ ಬೆನ್ನು ಮಾತ್ರ.

ನನ್ನ ಪ್ರಶ್ನೆ: ಎಡಿಎಸ್-ಬಿ (ವಿಮಾನ ತಾನೆಲ್ಲಿದ್ದೀನಿ ಅಂತ ಸಾರೋ ಸಂಕೇತ) ರಿಸೀವರ್ ಚೆನ್ನಾಗೇ ಕೆಲಸ ಮಾಡ್ತಿತ್ತು, ಇನ್ಯೋಕರ್ನ್ ಹತ್ರ ಒಂದು ಚಿಕ್ಕ ಬೊನಾನ್ಜಾ ವಿಮಾನನ ತೋರಿಸಿತ್ತು. ಇವೆರಡನ್ನ ಯಾಕೆ ತೋರಿಸಲಿಲ್ಲ? ಇಂಥವನ್ನ ಮೊದಲೇ ಕಾಣೋದಕ್ಕೆ ನೀವೇನು ಮಾಡ್ತೀರಿ? ಮನೆಯವರು ಅಂತೂ "ಅಪ್ಪನ್ನ ಇನ್ನು ಕರ್ಕೊಂಡು ಹೋಗಬೇಡಿ" ಅಂತ ಹೇಳಿಬಿಟ್ಟಿದ್ದಾರೆ.

---

ಮರಳುಗಾಡಿನ ಮೇಷ್ಟ್ರಮ್ಮ (ಅರಿಜೋನಾ)

ನಾನು ಫೀನಿಕ್ಸ್ ಹತ್ತಿರ ಹಾರಾಟ ಕಲಿಸ್ತೀನಿ, ಹನ್ನೊಂದು ವರ್ಷ ಆಯ್ತು. ಪಕ್ಕದ ಲ್ಯೂಕ್ ವಾಯುನೆಲೆಯಲ್ಲಿ ಎಫ್-35 ದಿನವಿಡೀ ಏಳ್ತಾ ಇಳಿತಾ ಇರುತ್ವೆ, ಅದರ ಸುತ್ತ ರೇಡಿಯೋದಲ್ಲಿ ಮಾತಾಡಿಯೇ ಹೋಗಬೇಕು ಅಂತ ವಿಶೇಷ ನಿಯಮ ಕೂಡ ಇದೆ. ಹಾಗಾಗಿ ಈ ಪಾಠ ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳೇ ಆಗುತ್ತೆ.

ಮೊದಲು ನೀವು ಕೇಳದ ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜೋಶುವಾ ನಿಮಗೆ ಹೇಳಿದ್ದು ಎರಡು ವಿಮಾನ. ನಿಮಗೆ ಕಂಡಿದ್ದು ಒಂದು. ನೀವು "ಇನ್ ಸೈಟ್" ಅಂದ್ರಿ. ಆ ಮಾತು ಹೇಳಿದ ಗಳಿಗೆಯಿಂದ ಕಂಟ್ರೋಲರ್ ಮನಸ್ಸಿನಲ್ಲಿ ನಿಮ್ಮ ವಿಷಯ ಮುಗೀತು, ಇನ್ನು ಎರಡನ್ನೂ ತಪ್ಪಿಸ್ಕೊಳ್ಳೋದು ನಿಮ್ಮ ಪಾಲು ಅಂತ ಅವರು ಮುಂದಿನ ವಿಮಾನ ನೋಡ್ತಾರೆ. "ಒಂದು ಕಂಡಿದೆ, ಇನ್ನೊಂದನ್ನ ಹುಡುಕ್ತಿದ್ದೀನಿ" ಅಂದಿದ್ರೆ ಎರಡನೆಯದು ಯಾವ ಕಡೆ ಅಂತ ಅವರೇ ಹೇಳ್ತಿದ್ರೇನೋ. ಫೈಟರ್‌ಗಳು ಒಂಟಿಯಾಗಿ ಹೋಗೋದು ಅಪರೂಪ. ಜೋಡಿ ಅಂದ್ರೆ ಏರ್ ಶೋನಲ್ಲಿ ನೋಡೋ ಹಾಗೆ ರೆಕ್ಕೆಗೆ ರೆಕ್ಕೆ ತಾಗಿಸ್ಕೊಂಡು ಇರಲ್ಲ, ನಡುವೆ ಒಂದು ಮೈಲಿ ಬಿಟ್ಟಿರುತ್ವೆ, ಕೆಲವು ಸಲ ಇನ್ನೂ ಹೆಚ್ಚು. ಆ ಒಂದು ಮೈಲಿಯ ಸಂದಿಯಲ್ಲಿ ಅವತ್ತು ನೀವಿದ್ರಿ.

ಟ್ಯಾಬ್ಲೆಟ್ ವಿಚಾರ. ಎಡಿಎಸ್-ಬಿ 2020ರ ಜನವರಿ 1ರಿಂದ ಕಡ್ಡಾಯ ಆಗಿದ್ದು ಕೆಲವು ಬಗೆಯ ವಾಯುಪ್ರದೇಶಕ್ಕೆ. ಸೂಕ್ಷ್ಮ ಕೆಲಸದ ಮೇಲಿರೋ ಸರ್ಕಾರಿ ವಿಮಾನಗಳು ಅದನ್ನ ಆಫ್ ಮಾಡಿಕೊಂಡು ಹಾರೋಕೆ 2019ರಲ್ಲೇ ನಿಯಮ ತಿದ್ದಿದ್ರು. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಪ್ರಯಾಣಿಕರ ಜೆಟ್‌ಗೆ ಡಿಕ್ಕಿ ಹೊಡೆದ ಸೇನೆಯ ಬ್ಲ್ಯಾಕ್ ಹಾಕ್ ಕೂಡ ಎಡಿಎಸ್-ಬಿ ಸಂಕೇತ ಕಳಿಸ್ತಾ ಇರಲಿಲ್ಲ. 67 ಜನ ಹೋದ್ರು. ಮಿಲಿಟರಿ ವಿಮಾನದ ಟ್ರಾನ್ಸ್‌ಪಾಂಡರನ್ನ, ಅಂದ್ರೆ ರೇಡಾರ್‌ಗೆ ಉತ್ತರ ಕೊಡೋ ಯಂತ್ರನ, ನೆಲದ ರೇಡಾರ್ ಹಿಡಿದ್ರೆ ಕೆಲವೊಮ್ಮೆ ಆ ದಾರಿಯಿಂದ ನಿಮ್ಮ ಪರದೆಗೂ ಬರುತ್ತೆ. ಆದ್ರೆ ಬೆಟ್ಟದ ಮರೆಯಲ್ಲಿ ತಗ್ಗಿ ಹಾರೋ ವಿಮಾನವನ್ನ ರೇಡಾರೇ ಕಾಣದಿದ್ರೆ? ನಿಮ್ಮದನ್ನ ಮಾತ್ರ ಯಾವತ್ತೂ ಆಫ್ ಮಾಡಬೇಡಿ. ಲ್ಯಾಂಡಿಂಗ್ ಲೈಟನ್ನೂ ಹಾಕಿಡಿ, ಹಗಲಲ್ಲೂ.

ಈಗ ಕಣ್ಣಿನ ಲೆಕ್ಕ. ನಿಮ್ಮ ವೇಗ 110 ನಾಟ್, ಅಂದ್ರೆ ಗಂಟೆಗೆ 110 ನಾಟಿಕಲ್ ಮೈಲಿ, ಫೈಟರ್‌ನವನದು 450. ಎದುರಾಬದುರು ಅಂದ್ರೆ 560. ಆರು ಮೈಲಿ ದೂರ ಕರಗೋಕೆ ನಲವತ್ತು ಸೆಕೆಂಡ್ ಸಾಕು, ಟ್ಯಾಬ್ಲೆಟ್ ನೋಡೋದ್ರಲ್ಲಿ ಹತ್ತು ಕಳೆದ್ರಿ. ಕಂಡು, ಏನು ಅಂತ ಗುರುತಿಸಿ, ತಿರುಗಿಸೋಣ ಅಂದ್ಕೊಂಡು, ವಿಮಾನ ನಿಜವಾಗಿ ತಿರುಗೋಕೆ ಹನ್ನೆರಡೂವರೆ ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಕೈಪಿಡಿ ಹೇಳುತ್ತೆ. ಅಷ್ಟರಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಮುಗಿದಿರುತ್ತೆ. ಆ ದೂರದಲ್ಲಿ ಎಫ್-18 ಸೂಪರ್ ಹಾರ್ನೆಟ್ ಎಷ್ಟು ದೊಡ್ಡದು ಗೊತ್ತಾ? ಅದರ ರೆಕ್ಕೆ ತುದಿಯಿಂದ ತುದಿಗೆ 13.7 ಮೀಟರ್. ಒಂದು ಎಳ್ಳುಕಾಳು ತಗೊಂಡು ಕೈ ಪೂರ್ತಿ ಚಾಚಿ ಹಿಡಿಯಿರಿ. ಅಷ್ಟೇ. ಅದೂ ರೆಕ್ಕೆ ಎದುರಿನಿಂದ ಕೂದಲೆಳೆ ಥರ, ಕಾಣೋದು ನಡುವಿನ ಚುಕ್ಕೆ. ನಾನು ಮೊದಲ ತರಗತಿಗೆ ನಿಜವಾಗ್ಲೂ ಎಳ್ಳು ತಗೊಂಡು ಹೋಗ್ತೀನಿ. ಅಮೆರಿಕದ ಹುಡುಗರು ಬರ್ಗರ್ ಬನ್ನಿನದು ಅಂದ್ಕೊಳ್ತಾರೆ.

ಆ ಎಳ್ಳನ್ನ ಹುಡುಕೋಕೆ ಆಕಾಶನ ಗುಡಿಸಿದ ಹಾಗೆ ಕಣ್ಣಾಡಿಸಿದ್ರೆ ಪ್ರಯೋಜನ ಇಲ್ಲ. ಕಣ್ಣು ಓಡ್ತಿರುವಾಗ ಸಣ್ಣದು ಕಾಣೋದಿಲ್ಲ. ಹತ್ತು ಡಿಗ್ರಿಯಷ್ಟು ಜಾಗ, ಒಂದು ಸೆಕೆಂಡಾದ್ರೂ ನಿಲ್ಲಿಸಿ, ಆಮೇಲೆ ಮುಂದಿನ ಹತ್ತು. ಖಾಲಿ ನೀಲಿ ನೋಡ್ತಾ ಇದ್ರೆ ಕಣ್ಣಿನ ಫೋಕಸ್ ತಾನಾಗೇ ಹತ್ತಿರಕ್ಕೆ ಬಂದುಬಿಡುತ್ತೆ, ಅದಕ್ಕೆ ಆಗಾಗ ದೂರದ ಬೆಟ್ಟದ ಅಂಚು ನೋಡಿ ಸರಿಮಾಡ್ಕೊಳ್ಳಿ. ಗಾಜಿನಲ್ಲಿ ಜರುಗುತ್ತಿರೋ ಚುಕ್ಕೆಗೆ ಹೆದರಬೇಡಿ, ಅದು ಹಾದು ಹೋಗುತ್ತೆ. ಒಂದೇ ಕಡೆ ಅಂಟಿಕೊಂಡು ದಪ್ಪ ಆಗ್ತಿರೋದು ನಿಮ್ಮ ಮೇಲೇ ಬರ್ತಿರೋದು. ಕಿಟಕಿ ಕಂಬದ ಹಿಂದೆ ಏನಿದೆ ಅಂತ ತಲೆ ಆಚೀಚೆ ಮಾಡಿ ನೋಡಿ. ನಿಮ್ಮ ಮಾವನವರು ನೆರಳು ಹಿಡಿದ್ರಲ್ಲ, ಅದು ನಾನು ಹೇಳಿಕೊಡೋ ಪಾಠ, ಅವರಿಗೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ! ಬೂದು ವಿಮಾನ ಮರಳಿನ ಮೇಲೆ ಕಾಣಲ್ಲ, ನೆರಳು ಕಾಣುತ್ತೆ.

ಅವನು ನನ್ನ ನೋಡ್ತಾನೆ ಬಿಡಿ ಅನ್ನೋ ಧೈರ್ಯವೂ ಬೇಡ. 2015ರ ಜುಲೈ 7, ದಕ್ಷಿಣ ಕೆರೊಲಿನಾದ ಮಾಂಕ್ಸ್ ಕಾರ್ನರ್ ಹತ್ತಿರ ಒಂದು ಎಫ್-16, ಒಂದು ಸೆಸ್ನಾ 150 ಡಿಕ್ಕಿ ಆದ್ವು. ಎದುರಿಗೆ ವಿಮಾನ ಇದೆ ಅಂತ ಎಫ್-16ನವನಿಗೆ ಹೇಳಿದ್ರು, ಅವನು ಹುಡುಕ್ತಲೇ ಇದ್ದ, ಕಂಡಾಗ ತಪ್ಪಿಸೋಕೆ ಹೊತ್ತು ಮೀರಿತ್ತು. ಅವನು ಹಾರಿಕೊಂಡು ಬದುಕಿದ. ಸೆಸ್ನಾದಲ್ಲಿದ್ದ ಇಬ್ಬರು ಉಳಿಯಲಿಲ್ಲ. ಆ ಸೆಸ್ನಾ ಯಾವ ಕಂಟ್ರೋಲರ್ ಜೊತೆಗೂ ಮಾತಾಡ್ತಿರಲಿಲ್ಲ. ನೀವು ಜೋಶುವಾ ಜೊತೆ ಇದ್ರಿ, ಅದು ದೊಡ್ಡ ವಿಷಯ.

ದಿನದ ಬಗ್ಗೆ: ಮಿಲಿಟರಿಯವರ ಹಾರಾಟ ಹೆಚ್ಚಾಗಿ ಸೋಮವಾರದಿಂದ ಶುಕ್ರವಾರ. ಶನಿವಾರ ಹೋದ್ರೆ ಕಣಿವೆ ಬಹುಪಾಲು ನಿಮ್ಮದೇ. ಹೊರಡೋ ಮುಂಚೆ ಪೈಲಟ್‌ಗಳಿಗೆ ಮಾಹಿತಿ ಕೊಡೋ ಫ್ಲೈಟ್ ಸರ್ವಿಸ್‌ಗೆ ಫೋನ್ ಮಾಡಿ ಯಾವ ಎಂಒಎ, ಯಾವ ಮಿಲಿಟರಿ ತರಬೇತಿ ದಾರಿ ಚಾಲೂ ಇದೆ ಕೇಳಿ. ಚಾರ್ಟ್‌ನಲ್ಲಿ ಆ ದಾರಿಗಳ ಬೂದು ಗೆರೆ, ಪಕ್ಕದಲ್ಲಿ ವಿಆರ್ ಅಥವಾ ಐಆರ್ ಅಂತ ಇರುತ್ತಲ್ಲ, ನಂಬರು ನಾಲ್ಕಂಕಿ ಆದ್ರೆ ಇಡೀ ದಾರಿ ನೆಲದಿಂದ 1,500 ಅಡಿ ಒಳಗೆ. ಮೂರಂಕಿ ಆದ್ರೆ ಎಲ್ಲೋ ಒಂದು ಕಡೆಯಾದ್ರೂ ಅದಕ್ಕಿಂತ ಮೇಲೆ. ಗೆರೆ ತೆಳ್ಳಗಿದೆ ಅಂತ ದಾರಿ ತೆಳ್ಳಗಿಲ್ಲ, ಎರಡೂ ಕಡೆ ಮೈಲಿಗಟ್ಟಲೆ ಅಗಲ ಇರಬಹುದು.

---

ಬೀದರ್ ಟವರ್

ಮೇಷ್ಟ್ರಮ್ಮಾರು ಎಲ್ಲಾ ಹೇಳ್ಯಾರ, ನಂದೊಂದು ಸಣ್ಣ ಮಾತು. ನಾ ವಾಯುಸೇನಾದಾಗ ಕೆಲಸ ಮಾಡಿ ನಿವೃತ್ತ ಆದಾಂವ, ಕಡೀ ಏಳು ವರ್ಷ ಬೀದರದಾಗ ಇದ್ದೆ. ಅಲ್ಲಿ ಹಾಕ್ ವಿಮಾನದಾಗ ಹುಡುಗರು ಫೈಟರ್ ಕಲೀತಾರ. ಆ ಹಾಕ್‌ನ್ಯಾಗ ಭಾಳಷ್ಟು ನಮ್ಮ ಬೆಂಗಳೂರಿನ ಎಚ್‌ಎಎಲ್‌ನ್ಯಾಗ ಆದದ್ದು.

ನಿಮಗ ಎರಡನೇದು ಯಾಕ ಅಷ್ಟು ಹತ್ರ ಬಂತು ಅಂತ ವಿಚಾರ ಮಾಡಿದೀರೇನು? ಮುಂದಿನ ವಿಮಾನದಾಂವ ಲೀಡರ್, ಅಂವಾ ದಾರಿ ನೋಡ್ತಾನ. ಎರಡನೇದಾಂವ ನಂಬರ್ ಟೂ. ಅವನ ಕಣ್ಣು ಮೊದಲ ಲೀಡರ್ ಮ್ಯಾಲೆ, ಆಮ್ಯಾಲೆ ಬೆಟ್ಟದ ಮ್ಯಾಲೆ, ಉಳದರ ನಿಮ್ಮ ಮ್ಯಾಲೆ. ಹೊಸಾ ಹುಡುಗ ಇದ್ದರಂತೂ ಲೀಡರನ್ನ ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ ಅವಗ. ಹಾರಿ ಬಂದ ಮ್ಯಾಲೆ ಡಿಬ್ರೀಫ್‌ನ್ಯಾಗ "ಆ ಹದ್ದು ನೋಡಿದೇನು?" ಅಂದರ "ಯಾವ ಹದ್ದು ಸರ್?" ಅಂತಿದ್ರು. ಅದಕ್ಕ ನೀವು ಎರಡನೇದನ್ನ ಹುಡುಕೋದು ಹೆಚ್ಚು ಜರೂರಿ.

ಇನ್ನೊಂದು. ರೇಡಿಯೋದಾಗ ನಿಮಗ ಫೈಟರ್‌ನವರ ಮಾತು ಕೇಳಸಲಿಕ್ಕಿಲ್ಲ. ಅವರು ಭಾಳ ಸಲ ಯುಎಚ್‌ಎಫ್‌ನ್ಯಾಗ ಇರ್ತಾರ, ನೀವು ವಿಎಚ್‌ಎಫ್, ರೇಡಿಯೋ ತರಂಗನ ಬ್ಯಾರೆ. ಕಂಟ್ರೋಲರ್ ಮಾತು ಮಾತ್ರ ಕೇಳ್ತದ, ಬಾಜೂ ಮನಿಯಾಕಿ ಫೋನಿನ್ಯಾಗ ಮಾತಾಡಿದಂಗ. ಆ ಅರ್ಧಾ ಮಾತು ಕೇಳಿ ಉಳದ ಅರ್ಧಾ ನೀವ ಕಟ್ಟಿಕೊಬೇಕು.

ನಿಮ್ಮ ದೇಶದಾಗ ಬರೇ ರೇಡಿಯೋದಾಗ ಮಾತಾಡಿ ಮಿಲಿಟರಿ ಅಭ್ಯಾಸದ ಜಾಗಾದಾಗ ಹೋಗ್ತೀರಿ ಅಂದರ ನನಗ ಆಶ್ಚರ್ಯನ. ನಮ್ಮಲ್ಲೆ ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ಇಲ್ಲದ ಒಂದು ವಿಮಾನ ಸ್ಕ್ರೀನಿನ್ಯಾಗ ಬಂದರ ಚಹಾ ಅಲ್ಲೇ ಆರತಿತ್ತು, ಫೋನ್ ಮ್ಯಾಲೆ ಫೋನ್. ಈಗ ಕಲಬುರಗಿಯೊಳಗ ಫ್ಲೈಯಿಂಗ್ ಸ್ಕೂಲ್ ಆಗ್ಯಾವ, ಬೀದರ ಅಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಆ ಹುಡುಗರೂ ಇದನ್ನ ಓದಲಿ.

---

ಕ್ಯಾಮೆರಾ ಶೆಟ್ರು (ಲಾಸ್ ಏಂಜಲೀಸ್)

ನಾನು ಪೈಲಟ್ ಅಲ್ಲ ಮಾರಾಯ್ರೆ, ನೆಲದಲ್ಲಿ ನಿಂತು ಫೋಟೋ ಹೊಡೆಯುವವ. ಡೆತ್ ವ್ಯಾಲಿಯ ಫಾದರ್ ಕ್ರೌಲಿ ಬಂಡೆ ಮೇಲೆ ನಿಂತರೆ ಫೈಟರ್‌ಗಳು ಕಾಲ ಕೆಳಗೆ ಹೋಗ್ತಿದ್ದ ಕಾಲ ಇತ್ತು, ಪೈಲಟ್ ಹೆಲ್ಮೆಟ್ ಕಾಣ್ತಿತ್ತು. 2019ರ ಜುಲೈ 31ಕ್ಕೆ ಒಂದು ಸೂಪರ್ ಹಾರ್ನೆಟ್ ಆ ಕಣಿವೆ ಗೋಡೆಗೆ ಬಡಿದು ಪೈಲಟ್ ತೀರಿಕೊಂಡ, ನೋಡ್ಲಿಕ್ಕೆ ನಿಂತಿದ್ದ ಏಳು ಜನರಿಗೆ ಗಾಯ ಆಯ್ತು. ನಾನು ಅದಕ್ಕೆ ಎರಡು ವಾರ ಮುಂಚೆ ಅಲ್ಲೇ ಇದ್ದೆ. ಆಮೇಲೆ ಕ್ಯಾಮೆರಾ ಹಿಡ್ಕೊಂಡು ಆ ಕಡೆ ಹೋಗಲೇ ಇಲ್ಲ.

ಅದಿರಲಿ. ಆ ನೆರಳಿನ ಫೋಟೋ ತೆಗೆದ್ರಾ ಇಲ್ವಾ?

---

ಹೇಮಾವತಿ172

ಶೆಟ್ರೇ, ಫೋಟೋ ಇಲ್ಲ. ಮಾವನವರ ಫೋನ್‌ನಲ್ಲಿ ಹನ್ನೆರಡು ಸೆಕೆಂಡ್ ವಿಡಿಯೋ ಇದೆ, ಪೂರ್ತಿ ಅವರ ಹೆಬ್ಬೆರಳು.

ಮೇಷ್ಟ್ರಮ್ಮ, ಬೇಜಾರು ಏನಿಲ್ಲ. "ಇನ್ ಸೈಟ್" ವಿಷಯ ನನಗೆ ಹೊಳೆದೇ ಇರಲಿಲ್ಲ. ಎರಡು ಅಂತ ಕಿವಿಗೆ ಬಿದ್ದಿತ್ತು, ಒಂದು ಕಂಡಿದ್ದೇ ತಲೆಯಲ್ಲಿ ಲೆಕ್ಕ ಚುಕ್ತಾ ಆಗಿಬಿಡ್ತು. ಊರಿಗೆ ವಾಪಸಾಗಿರೋ ಮಾವನವರಿಗೆ ನಿಮ್ಮ ಉತ್ತರ ಫೋನಿನಲ್ಲಿ ಓದಿ ಹೇಳಿದೆ. ಅವರು, "ನಾನು ಆವಾಗ್ಲೇ ಕೇಳಿದ್ನಲ್ಲ, ಇನ್ನೊಂದು ಎಲ್ಲಿ ಅಂತ" ಅಂದ್ರು. ಹೌದು, ಕೇಳಿದ್ರು. ನಾನು ರೇಡಿಯೋದಲ್ಲಿ ಮಾತಾಡ್ತಾ ಇದ್ದೆ, ಕೈ ಎತ್ತಿ ಸುಮ್ಮನಿರಿಸಿದ್ದೆ. ಅವರ ಕಡೆ ಆನೆ ಕಾಟ ಜಾಸ್ತಿ. ಒಂದು ಆನೆ ರಸ್ತೆ ದಾಟಿದ ಮೇಲೂ ಬೈಕ್ ಸ್ಟಾರ್ಟ್ ಮಾಡದೆ ಕಾಯೋ ಅಭ್ಯಾಸ ಅವರಿಗೆ.

ಬೀದರ್ ಸರ್, ನಂಬರ್ ಟೂ ಎಲ್ಲಿ ನೋಡ್ತಿರ್ತಾನೆ ಅನ್ನೋದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಧನ್ಯವಾದ.

ಮೊನ್ನೆ ಗುರುವಾರ ಮತ್ತೆ ಹೋದೆ, ಒಬ್ಬನೇ. ಫ್ಲೈಟ್ ಸರ್ವಿಸ್‌ಗೆ ಫೋನ್ ಮಾಡಿದ್ದೆ. ಟ್ಯಾಬ್ಲೆಟ್ ಮೊಣಕಾಲಿಂದ ತೆಗೆದು ಪಕ್ಕದ ಸೀಟಿಗೆ ಹಾಕಿದೆ. ಇನ್ಯೋಕರ್ನ್ ದಾಟಿ ಹತ್ತು ನಿಮಿಷಕ್ಕೆ ಜೋಶುವಾ ಕರೆದ್ರು, ಎರಡು ಫೈಟರ್, ಎರಡು ಗಂಟೆ ದಿಕ್ಕು (ಅಂದ್ರೆ ಮುಂದೆ ಬಲಗಡೆ), ಎಂಟು ಮೈಲಿ. ಒಂದು ಸಿಕ್ತು. "ಒನ್ ಇನ್ ಸೈಟ್, ಲುಕಿಂಗ್ ಫಾರ್ ದ ಸೆಕೆಂಡ್" ಅಂದೆ. "ಸೆಕೆಂಡ್ ಒನ್ ಈಸ್ ಬಿಹೈಂಡ್ ಯು, ನಾಟ್ ಎ ಫ್ಯಾಕ್ಟರ್", ಅಂದ್ರೆ ಅದು ನಿಮ್ಮ ಹಿಂದಿದೆ, ತೊಂದರೆ ಇಲ್ಲ ಅಂತ ಉತ್ತರ ಬಂತು. ಯಾವಾಗ ಹಿಂದಕ್ಕೆ ಹೋಯ್ತೋ, ನಾನಂತೂ ನೋಡಲಿಲ್ಲ.